ನುಂಗ್ಬೇಡ, ಕಚ್ಚು

ರಾತ್ರಿ ಎರಡೂಕಾಲು. ನಿಮಗೆ ಎಚ್ಚರವಾದದ್ದು ಮಳೆಯ ಸದ್ದಿಗಲ್ಲ. ಆಷಾಢದ ಮಳೆ ಹೊನ್ನಾವರದ ಕಡೆಯ ಈ ಮಂಕಿಯಲ್ಲಿ ವಾರದಿಂದ ಹೊಯ್ಯುತ್ತಿದೆ, ಕಿವಿ ಅದಕ್ಕೆ ಒಗ್ಗಿಹೋಗಿದೆ. ಎಬ್ಬಿಸಿದ್ದು ಎದೆ. ನಡು ಎದೆಯ ಮೇಲೆ ಯಾರೋ ಮಂಡಿಯೂರಿ ಕೂತಂಥ ಭಾರ. ಅದು ಎಡ ಭುಜಕ್ಕೆ ಇಳಿದು, ಮೊಣಕೈ ದಾಟಿ, ಕಿರುಬೆರಳಿನ ತುದಿಯವರೆಗೂ ಜೋಮು ಹಿಡಿಸಿದೆ. ದವಡೆ ಬಿಗಿದಿದೆ. ಬನಿಯನ್ನು ಬೆನ್ನಿಗೆ ಅಂಟಿಕೊಂಡಿದೆ, ಬೆವರು ತಣ್ಣಗಿದೆ. ಅಟ್ಟದ ಮೇಲಿನ ಒಣಮೀನಿನ ವಾಸನೆ ದಿನಾ ನಿಮ್ಮ ಮೂಗಿಗೆ ತಿಳಿಯುವುದೇ ಇಲ್ಲ. ಈಗ ಅದಕ್ಕೆ ಹೊಟ್ಟೆ ತೊಳಸುತ್ತಿದೆ.

"ಎಂತಾ ಆಯ್ತ್ರಾ?" ಹೆಂಡತಿ ಎದ್ದು ಕೂತಿದ್ದಾಳೆ.

"ಗ್ಯಾಸ್ ಆಗದೆ. ಬೇರೆ ಎಂತದೂ ಅಲ್ಲ."

ಆ ಮಾತನ್ನು ಮೊದಲು ನಂಬಬೇಕಾದವರು ನೀವು. ರಾತ್ರಿ ಉಂಡ ಒಣ ಸಿಗಡಿ ಚಟ್ನಿ ಖಾರವಾಗಿತ್ತು, ನಿಜ. ಆದರೆ ಮೊನ್ನೆ ಅಕ್ಕಿ ಚೀಲ ಹೊತ್ತು ಏರು ಹತ್ತುವಾಗ ಇದೇ ಜಾಗದಲ್ಲಿ ಹಿಡಿದುಕೊಂಡು, ನಿಂತ ಮೇಲೆ ಬಿಟ್ಟದ್ದೂ ನಿಜ. ನಿನ್ನೆಯೂ ಹಾಗೇ ಆಯಿತು. ಮನೆಯಲ್ಲಿ ಹೇಳಿಲ್ಲ. ಅಡುಗೆಮನೆಯಲ್ಲಿ ಒಲೆ ಹೊತ್ತಿದ ಸದ್ದು, ಓಮು ಹುರಿದ ಘಾಟು. ಕಷಾಯ ಕುದಿಯುತ್ತಿದೆ. ನೀವು ಕಾಯುತ್ತೀರಿ.

ಕಾಯುವಷ್ಟು ಹೊತ್ತೂ ಒಳಗೆ ಕೆಲಸ ನಡೆದಿದೆ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ವರ್ಷಗಳಿಂದ ಕೂತಿದ್ದ ಕೊಬ್ಬಿನ ದಿಬ್ಬ ಬಿರುಕು ಬಿಟ್ಟಿದೆ. ಗಾಯವಾಗಿದೆಯೆಂದು ಪ್ಲೇಟ್‌ಲೆಟ್‌ಗಳು ಧಾವಿಸಿ ಬಂದು ಒಂದರ ಮೇಲೊಂದು ಅಂಟಿಕೊಂಡಿವೆ. ನಾಳ ಮುಚ್ಚಿದೆ. ಅದರಾಚೆಯ ಸ್ನಾಯು ಒಂದೆರಡು ನಿಮಿಷದೊಳಗೇ ಬಡಿಯುವುದನ್ನು ಬಿಟ್ಟಿದೆ, ಆದರೆ ಇನ್ನೂ ಸತ್ತಿಲ್ಲ. ಆ ಸಾವಿಗೆ ಒಂದು ಕ್ರಮವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕೀತ್ ರೈಮರ್ ಮತ್ತು ರಾಬರ್ಟ್ ಜೆನ್ನಿಂಗ್ಸ್ 1977ರಲ್ಲಿ ಅದನ್ನು ನಾಯಿಗಳ ಹೃದಯದಲ್ಲಿ ಅಳೆದು ತೋರಿಸಿದರು. ಸಾವು ಒಳಪದರದಲ್ಲಿ ಶುರುವಾಗಿ ಹೊರಪದರದ ಕಡೆ ಸರಿಯುತ್ತದೆ. 40 ನಿಮಿಷಕ್ಕೆ ನಾಳ ಬಿಟ್ಟರೆ, ಅಪಾಯದಲ್ಲಿದ್ದ ಸ್ನಾಯುವಿನಲ್ಲಿ ಸತ್ತಿರುವುದು ಶೇ 38ರಷ್ಟು. 3 ಗಂಟೆಗೆ ಶೇ 57. 6 ಗಂಟೆಗೆ ಶೇ 71.

ನಿಮ್ಮ ಪರವಾಗಿ ಒಂದೇ ಒಂದು ಸಂಗತಿ ಇರಬಹುದು, ನೀವು ಬಚ್ಚಿಟ್ಟ ಆ ಎರಡು ದಿನದ ಸಣ್ಣ ನೋವು. ಅದೇ ಡ್ಯೂಕ್ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಮರಿ ಎಂಬ ತರುಣ 1986ರಲ್ಲಿ ನಾಯಿಗಳ ಹೃದಯದ ನಾಳವನ್ನು ಐದೈದು ನಿಮಿಷದಂತೆ ನಾಲ್ಕು ಸಲ ಮುಚ್ಚಿ ಬಿಟ್ಟ. ಆಮೇಲೆ 40 ನಿಮಿಷ ಪೂರ್ತಿ ಮುಚ್ಚಿದ. ಹೆಚ್ಚು ಹಾನಿಯಾಗಬೇಕಿದ್ದ ಕಡೆ ಕಾಲು ಭಾಗದಷ್ಟೇ ಹಾನಿಯಾಗಿತ್ತು. ಸಣ್ಣ ಬರಗಾಲ ಕಂಡ ಹೃದಯ ದೊಡ್ಡದಕ್ಕೆ ತಯಾರಾಗಿರುತ್ತದೆ. ಹೃದಯಕ್ಕೆ ತನ್ನನ್ನು ಕಾಯ್ದುಕೊಳ್ಳುವ ಇಂಥ ಶಕ್ತಿ ಇದೆ ಎಂದು ಆ ಪ್ರಯೋಗ ತೋರಿಸಿತು. ಅದನ್ನು ಹೊರಗಿನಿಂದ ಎಬ್ಬಿಸುವುದು ಹೇಗೆಂದು ಹುಡುಕುತ್ತ ಎಷ್ಟೋ ವಿಜ್ಞಾನಿಗಳ ಆಯುಷ್ಯ ಸವೆದಿದೆ. ಆದರೆ ಈ ರಕ್ಷಣೆ ಸಾವನ್ನು ಮುಂದೂಡುತ್ತದೆ ಅಷ್ಟೆ. ನಾಳ ತೆರೆಯದಿದ್ದರೆ ಅದೂ ಮುಗಿಯುತ್ತದೆ.

ಕಷಾಯ ಬರುತ್ತದೆ. ಎರಡು ಗುಟುಕಿಗೆ ವಾಂತಿ. ಹೆಂಡತಿ ಈಗ ನಿಮ್ಮನ್ನು ಕೇಳುವುದಿಲ್ಲ. ಬಾಗಿಲು ತೆಗೆದು ಮಳೆಯಲ್ಲೇ ಪಕ್ಕದ ಮನೆಗೆ ಓಡುತ್ತಾಳೆ.

ಪಕ್ಕದ ಮನೆಯ ಅಜ್ಜನಿಗೆ ಸ್ಟೆಂಟ್ ಹಾಕಿ ವರ್ಷಗಳಾಗಿವೆ. ಲುಂಗಿ ಎತ್ತಿಕಟ್ಟಿ ಒದ್ದೆ ಕಾಲಲ್ಲೇ ಒಳಗೆ ಬರುತ್ತಾನೆ. ನಿಮ್ಮ ಮುಖ ನೋಡಿದವನೇ ಅಂಗಿಯ ಕಿಸೆಯಿಂದ ಇಕೋಸ್ಪ್ರಿನ್ ಪಟ್ಟಿ ತೆಗೆದು 75ರ ನಾಲ್ಕು ಗುಳಿಗೆ ನಿಮ್ಮ ಅಂಗೈಗೆ ಹಾಕುತ್ತಾನೆ.

"ನುಂಗ್ಬೇಡ ತಮ್ಮಾ, ಕಚ್ಚು. ಪುಡಿ ಮಾಡಿ ತಿನ್ನು."

ನೀವು ಕಚ್ಚುತ್ತೀರಿ. ಮೇಲಿನ ಪದರ ಹಲ್ಲಿಗೆ ಚುರ್ ಎಂದು ಒಡೆಯುತ್ತದೆ. ಹುಳಿ, ಕಹಿ, ನಾಲಿಗೆಯ ಬದಿಗೆ ಉರಿ. ಹೊಟ್ಟೆಗೆ ಕೆಡುಕಾಗದಿರಲಿ ಎಂದು ಹಾಕಿದ ಆ ಪದರ ಒಡೆಯದಿದ್ದರೆ ಔಷಧ ಇಳಿಯುವುದು ತಡ. ಒಡೆದರೆ ಸ್ವಲ್ಪ ಹೊತ್ತಿಗೇ ಪ್ಲೇಟ್‌ಲೆಟ್‌ಗಳ ಅಂಟು ಕಡಿಮೆಯಾಗುತ್ತದೆ. ಅಜ್ಜನಿಗೆ ಇದನ್ನು ಡಾಕ್ಟರು ಹೇಳಿಕೊಟ್ಟಿದ್ದಾರೆ. ಡಾಕ್ಟರಿಗೆ ಯಾರು ಹೇಳಿಕೊಟ್ಟರು ಎಂದು ಕೇಳುತ್ತ ಹೋದರೆ ದಾರಿ ಬೆಂಗಳೂರಿನಲ್ಲಿ ಶುರುವಾಗುತ್ತದೆ.

ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿದ ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1976ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್ ಸೇರಿದರು. ಅಲ್ಲಿ ಪೀಟರ್ ಸ್ಲೈಟ್ ಅವರ ಜೊತೆ ಹಿಡಿದ ಕೆಲಸ ಎಂಥದ್ದೆಂದರೆ, ಹೃದಯಾಘಾತವಾದವರಿಗೆ ಬಡಿತ ನಿಧಾನ ಮಾಡುವ ಅಟೆನೊಲಾಲ್ ಔಷಧವನ್ನು ಬೇಗನೆ ನರಕ್ಕೆ ಕೊಡುವುದು, ಸಾಯುವ ಸ್ನಾಯು ಕಡಿಮೆಯಾಗುತ್ತದೆಯೇ ನೋಡುವುದು. ಸೋಲುತ್ತಿರುವ ಹೃದಯವನ್ನು ಇನ್ನಷ್ಟು ನಿಧಾನ ಮಾಡುವ ಧೈರ್ಯ ಅದು. ಹಾನಿ ಕಡಿಮೆಯಾಯಿತು. ಆದರೆ ಜನ ಬದುಕಿದರೇ? ಅದನ್ನು ಹೇಳಲು ಕೆಲವು ನೂರು ರೋಗಿಗಳು ಸಾಲರು, ಸಾವಿರಾರು ಬೇಕು. ಯೂಸುಫ್ ತಮ್ಮ ಮುಂದಿನ ಬದುಕನ್ನೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟರು.

ಹೊರಗೆ ಓಮ್ನಿಯ ಹಾರ್ನು. ಅಕ್ಕನ ಮಗ ಬಂದಿದ್ದಾನೆ. ಇಬ್ಬರು ನಿಮ್ಮ ಕಂಕುಳಿಗೆ ಕೈ ಕೊಟ್ಟು ನಡುಸೀಟಿಗೆ ಹತ್ತಿಸುತ್ತಾರೆ. ಹೆದ್ದಾರಿ 66ರ ಅಂಚಿಗೆ ಬಂದು ಗಾಡಿ ನಿಲ್ಲುತ್ತದೆ.

"ಮಾವಾ, ಯಾವ ಬದಿಗೆ?"

ಎಡಕ್ಕೆ ದಕ್ಷಿಣ, ಬಲಕ್ಕೆ ಉತ್ತರ. ದಕ್ಷಿಣಕ್ಕೆ ಹೋದರೆ ಮಣಿಪಾಲ, ಈ ಕರಾವಳಿ ಎದೆನೋವಿಗೆ ನಂಬಿದ ಜಾಗ, ನೂರು ಕಿಲೋಮೀಟರಿಗೂ ಮೀರಿದ ದಾರಿ. ಉತ್ತರಕ್ಕೆ ಹೊನ್ನಾವರ, ಹತ್ತಿರ, ಆದರೆ ಮಣಿಪಾಲಕ್ಕೆ ಬೆನ್ನು ಹಾಕಿದ ಹಾಗೆ. ದೊಡ್ಡ ಆಸ್ಪತ್ರೆಗೇ ಹೋಗೋಣ ಅಂತ ನಿಮ್ಮ ಬಾಯಿಗೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಬರುವ ಮಾತು ಅದು, ಇಲ್ಲೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೂಗಿದ್ದೂ ಅದಕ್ಕೇ. ಆದರೆ ಮುಚ್ಚಿದ ನಾಳದೊಡನೆ ಎರಡು ತಾಸು ಮಳೆಯಲ್ಲಿ ಓಡುವುದೆಂದರೆ ಸ್ನಾಯುವನ್ನು ದಾರಿಗೆ ಸುರಿದುಕೊಂಡು ಹೋಗುವುದು.

"ಹೊನ್ನಾವರ," ಅಜ್ಜನೇ ಹೇಳುತ್ತಾನೆ. "ಮೊದ್ಲು ಇಸಿಜಿ ಆಗ್ಲಿ."

ಒರೆಸುಕಡ್ಡಿ ಬಡಿಯುತ್ತಿದೆ. ಕಾಸರಕೋಡು ದಾಟಿ ಶರಾವತಿ ಸೇತುವೆ. ಕೆಳಗೆ ನದಿ ಕಾಣುವುದಿಲ್ಲ, ಕಿಟಕಿ ಸಂದಿಯಿಂದ ಕೆಸರುನೀರಿನ ವಾಸನೆ ಮಾತ್ರ. ಉಸಿರು ಅರ್ಧಕ್ಕೇ ನಿಲ್ಲುತ್ತಿದೆ. ಸಾಯುತ್ತೇನೆ ಎಂಬುದು ಯೋಚನೆಯಾಗಿ ಬರುತ್ತಿಲ್ಲ, ಹೊಟ್ಟೆಯ ಒಳಗಿನ ಒಂದು ತಣ್ಣನೆಯ ಖಾತ್ರಿಯಾಗಿ ಬಂದು ಕೂತಿದೆ. ನಿಮಗೆ 53 ವರ್ಷ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸೂ 53, ಉಳಿದ ದೇಶಗಳವರಿಗಿಂತ ಆರು ವರ್ಷದಷ್ಟು ಮೊದಲು. ಇದನ್ನು ತೋರಿಸಿದ್ದು 52 ದೇಶಗಳಲ್ಲಿ ಯೂಸುಫ್ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ. ಹೊಗೆಬತ್ತಿ, ರಕ್ತದೊತ್ತಡ, ಸಕ್ಕರೆ, ಕೊಬ್ಬು, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಕಾರಣಗಳೇ ಶೇ 90ರಷ್ಟು ಆಘಾತಗಳ ಹಿಂದಿವೆ ಎಂದು ಅದು 2004ರಲ್ಲಿ ಹೇಳಿತು. ಅಂದರೆ ಇದು ಹಣೆಬರಹ ಅಲ್ಲ.

ಮೂರೂಹತ್ತು. ಟ್ಯೂಬ್‌ಲೈಟಿನ ಬೆಳಕು, ಫಿನಾಯಿಲಿನ ವಾಸನೆ. ನರ್ಸಮ್ಮ ಬನಿಯನ್ನು ಕತ್ತರಿಸಿ, ತಣ್ಣನೆಯ ಜೆಲ್ಲಿ ಬಳಿದು, ಎದೆಯ ಸುತ್ತ ಬಟ್ಟಲು ಅಂಟಿಸುತ್ತಾಳೆ. ಕಾಗದ ಕಿರಕಿರ ಎನ್ನುತ್ತ ಹೊರಬರುತ್ತದೆ. ಡ್ಯೂಟಿ ಡಾಕ್ಟರ್ ಇನ್ನೂ ಎಳೆಯ ಹುಡುಗಿ. ಕಾಗದವನ್ನು ಬೆಳಕಿಗೆ ಹಿಡಿಯುತ್ತಾಳೆ, ಫೋಟೊ ತೆಗೆದು ಹೃದ್ರೋಗ ತಜ್ಞರಿಗೆ ಕಳಿಸುತ್ತಾಳೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್ ಗುಂಪು ಕಟ್ಟಿ ಈ ಕರಾವಳಿ, ಮಲೆನಾಡಿಗೆ ರೂಢಿ ಮಾಡಿಸಿದ ಕ್ರಮ ಅದು. ಉತ್ತರ ಬರುತ್ತದೆ. ಅವಳು ನಿಮ್ಮ ಕಡೆ ಬಾಗುತ್ತಾಳೆ.

"ಹಾರ್ಟ್ ಅಟ್ಯಾಕ್ ಆಗಿದೆ. ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡ್ಬೇಕು. ಮೊದಲು ಪಾರ್ಶ್ವವಾಯು ಆಗಿತ್ತಾ? ತಲೆಗೆ ಪೆಟ್ಟು? ಇತ್ತೀಚೆಗೆ ಆಪರೇಷನ್? ಮಲ ಕಪ್ಪಗೆ ಹೋಗಿತ್ತಾ?"

ಇಲ್ಲ. ಇಲ್ಲ. ಇಲ್ಲ.

"ನೂರರಲ್ಲಿ ಒಬ್ಬರಿಗೆ ಮಿದುಳಲ್ಲಿ ರಕ್ತಸ್ರಾವ ಆಗ್ಬಹುದು. ಸಹಿ ಮಾಡಿ."

ಪೆನ್ನು ಹೆಂಡತಿಯ ಕೈಯಲ್ಲಿ ನಿಂತಿದೆ. ಆ ಒಬ್ಬ ನೀವೇ ಆದರೆ? ಇದೇ ಭಯ ಒಂದು ಕಾಲಕ್ಕೆ ಲೋಕದ ದೊಡ್ಡ ದೊಡ್ಡ ವೈದ್ಯರ ಕೈಯನ್ನೂ ಕಟ್ಟಿತ್ತು. ಗಡ್ಡೆ ಕರಗಿಸುವ ಸ್ಟ್ರೆಪ್ಟೊಕೈನೇಸ್ ಗೊತ್ತಾಗಿ ದಶಕಗಳಾಗಿದ್ದರೂ ರೋಗಿಗೆ ಕೊಡಲು ಹಿಂಜರಿಕೆ. ಮಾಡಿದ ಪ್ರಯೋಗಗಳೆಲ್ಲ ಸಣ್ಣವು, ಒಂದು ಹೌದೆಂದರೆ ಇನ್ನೊಂದು ಇಲ್ಲ ಎನ್ನುತ್ತಿತ್ತು. ಯೂಸುಫ್, ರೋರಿ ಕಾಲಿನ್ಸ್, ರಿಚರ್ಡ್ ಪೀಟೊ ಮತ್ತು ಸಂಗಡಿಗರು ಅಂಥ 33 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಸಾವುಗಳನ್ನು ಎಣಿಸಿದರು. 1985ರಲ್ಲಿ ಉತ್ತರ ಬಂತು, ಸಾವು ಐದರಲ್ಲಿ ಒಂದು ಭಾಗದಷ್ಟು ಕಡಿಮೆ. ಆ ಉತ್ತರ ವರ್ಷಗಳಿಂದ ಕಾಗದಗಳಲ್ಲೇ ಚದುರಿ ಕೂತಿತ್ತು. ಆ ಮಧ್ಯೆ ಹೋದ ಜೀವಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆಕ್ಸ್‌ಫರ್ಡಿನ ಗುಂಪು ಅಲ್ಲಿಗೆ ಬಿಡಲಿಲ್ಲ. 417 ಆಸ್ಪತ್ರೆ, 17,187 ರೋಗಿಗಳು. 1988ರ ಐಸಿಸ್-2 ಪ್ರಯೋಗದಲ್ಲಿ ಏನೂ ಸಿಗದವರು ಐದು ವಾರದಲ್ಲಿ ನೂರಕ್ಕೆ 13 ಮಂದಿ ತೀರಿಕೊಂಡರು, ಗಡ್ಡೆ ಕರಗಿಸುವ ಔಷಧ ಮತ್ತು ಆಸ್ಪಿರಿನ್ ಎರಡೂ ಸಿಕ್ಕವರು 8. ಮಂಕಿಯ ಅಜ್ಜನ ಕಿಸೆಯ ಗುಳಿಗೆ, ಈ ಹುಡುಗಿಯ ಕೈಯ ಸಿರಿಂಜು, ಎರಡೂ ಆ ಲೆಕ್ಕದಿಂದ ಬಂದವು.

ಹೆಂಡತಿ ಸಹಿ ಮಾಡುತ್ತಾಳೆ.

ಈಗಿನದು ಟೆನೆಕ್ಟೆಪ್ಲೇಸ್. ತೂಕ ನೋಡಿ ಅಳತೆ, ಒಂದೇ ಸಲಕ್ಕೆ ಹತ್ತು ಸೆಕೆಂಡಿನೊಳಗೆ ನರಕ್ಕೆ. ದುಬಾರಿ ಮದ್ದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಇದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲೆಂದೇ ಹುಟ್ಟಿದ್ದು. ಗೋಡೆ ಗಡಿಯಾರದಲ್ಲಿ ಮೂರೂಇಪ್ಪತ್ತೈದು. ನೋವು ಶುರುವಾಗಿ 70 ನಿಮಿಷ.

ಆ 70 ಎಷ್ಟು ದೊಡ್ಡದೆಂದು ನಿಮಗೆ ತಿಳಿದಿರಲಿ. ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಅವರ ಜೊತೆ ಯೂಸುಫ್, ಭಾರತದ 50 ಊರುಗಳ 89 ಆಸ್ಪತ್ರೆಗಳಲ್ಲಿ 20,937 ಹೃದ್ರೋಗಿಗಳನ್ನು ಹಿಂಬಾಲಿಸಿ 2008ರಲ್ಲಿ ಪ್ರಕಟಿಸಿದ ವರದಿ ಇದೆ. ಇಂಥ ಆಘಾತವಾದವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟಲು 360 ನಿಮಿಷಕ್ಕೂ ಹೆಚ್ಚು ಹಿಡಿದಿತ್ತು. ಡ್ಯೂಕ್‌ನ ನಾಯಿಗಳ ಆರು ತಾಸಿನ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ತಿಂಗಳೊಳಗೆ ತೀರಿಕೊಂಡವರು ಬಡವರಲ್ಲಿ ಶೇ 8.2, ಸಿರಿವಂತರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರ ಉಳಿಯಲೇ ಇಲ್ಲ. ಬಡವರ ಹೃದಯ ಬೇರೆಯದಲ್ಲ, ಅವರಿಗೆ ಮದ್ದು ಸಿಗಲಿಲ್ಲ.

ನೋವು ಸಡಿಲವಾಗುತ್ತಿದೆ. ದವಡೆ ಬಿಟ್ಟಿತು. ಭುಜ ಬಿಟ್ಟಿತು. ಹೆಂಡತಿಯ ಕಡೆ ತಿರುಗಿ ಏನೋ ಹೇಳಬೇಕು.

ಮಾನಿಟರಿನ ಸದ್ದು ಬದಲಾಗುತ್ತದೆ. ಟಿಕ್ ಟಿಕ್ ಹೋಗಿ ಒಂದೇ ಗಲಿಬಿಲಿ. ಬೆಳಕು ಕಿರಿದಾಗುತ್ತದೆ. ಯಾರೋ ಕೂಗುತ್ತಾರೆ. ಎದೆಯ ಮೇಲೆ ಅಂಗೈ, ಒತ್ತು, ಒತ್ತು. ಪ್ಯಾಡಲ್. ದೂರ ಸರೀರಿ! 200 ಜೂಲ್. ಬೆನ್ನು ಹಾಸಿಗೆ ಬಿಟ್ಟು ಏಳುತ್ತದೆ. ಏನೂ ಇಲ್ಲ. ಒತ್ತು. ಒತ್ತು. ಮತ್ತೊಮ್ಮೆ.

ಸುಟ್ಟ ಕೂದಲ ವಾಸನೆ. ಅದು ನಿಮ್ಮದೇ ಎದೆಯ ಕೂದಲು ಎಂದು ತಿಳಿಯುವಷ್ಟು ನೀವು ಬದುಕಿದ್ದೀರಿ.

ನಾಳ ತೆರೆದದ್ದಕ್ಕೆ ತೆತ್ತ ಬೆಲೆ ಇದು. ಹಸಿದ ಸ್ನಾಯುವಿಗೆ ಒಮ್ಮೆಲೇ ರಕ್ತ ನುಗ್ಗಿದಾಗ ಕ್ಯಾಲ್ಸಿಯಂ ಒಳಗೆ ಉಕ್ಕುತ್ತದೆ, ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ತೆರೆಯಬಾರದ ರಂಧ್ರ ತೆರೆಯುತ್ತದೆ, ಬಡಿತದ ಲಯ ಕೆಡುತ್ತದೆ. ಬದುಕಿಸುವ ರಕ್ತವೇ ಒಂದಿಷ್ಟನ್ನು ಕೊಲ್ಲುತ್ತದೆ. ಇದನ್ನು ತಡೆಯುವುದೇ ಹೃದಯ ರಕ್ಷಣೆಯ ಸಂಶೋಧಕರ ಹಟ. ಆ ರಂಧ್ರ ಮುಚ್ಚುವ ಸೈಕ್ಲೋಸ್ಪೊರಿನ್ 2008ರಲ್ಲಿ ಫ್ರಾನ್ಸಿನ 58 ರೋಗಿಗಳಲ್ಲಿ ಫಲ ಕೊಟ್ಟಂತೆ ಕಂಡಿತು. 2015ರಲ್ಲಿ 970 ಮಂದಿಯಲ್ಲಿ ನೋಡಿದರೆ ಏನೂ ಇಲ್ಲ.

ಬೆಳಕು ಹರಿಯುವಾಗ ನೀವು ಆಂಬುಲೆನ್ಸಿನಲ್ಲಿ ದಕ್ಷಿಣಕ್ಕೆ ಹೊರಟಿದ್ದೀರಿ, ಮಣಿಪಾಲಕ್ಕೆ, ಆಂಜಿಯೊಗ್ರಾಮಿಗೆ. ಬಿಪಿ ಪಟ್ಟಿ ತೋಳನ್ನು ಬಿಗಿಯಾಗಿ ಹಿಂಡಿ ಬಿಡುತ್ತದೆ. ಅದರಿಂದಲೂ ಒಂದು ಕನಸು ಹುಟ್ಟಿತ್ತು. ತೋಳಿನ ರಕ್ತವನ್ನು ಐದೈದು ನಿಮಿಷ ನಾಲ್ಕು ಸಲ ತಡೆದರೆ ದೂರದ ಹೃದಯ ತಾನೇ ಎಚ್ಚೆತ್ತೀತೆಂದು. ಖರ್ಚಿಲ್ಲದ, ಯಾವ ಹಳ್ಳಿಯಲ್ಲೂ ಆಗುವ ಉಪಾಯ. 2019ರಲ್ಲಿ 5,401 ರೋಗಿಗಳ ಮೇಲಿನ ಪ್ರಯೋಗ ಪ್ರಯೋಜನವಿಲ್ಲ ಎಂದಿತು. ಹೀಗೆ ತಮ್ಮದೇ ಕನಸನ್ನು ತಾವೇ ಸುಳ್ಳೆಂದು ಮುದ್ರಿಸಿದವರ ಬಗ್ಗೆ ನನಗೆ ಗೆದ್ದವರಷ್ಟೇ ಗೌರವ.

ಶಿರೂರು ಟೋಲ್ ಹತ್ತಿರವಾದಾಗ ಅಕ್ಕನ ಮಗ ಸುಮ್ಮನಾಗುತ್ತಾನೆ. 2022ರ ಜುಲೈ 20ರಂದು ಇಲ್ಲೇ, ಹೊನ್ನಾವರದಿಂದ ಹೊರಟ ಆಂಬುಲೆನ್ಸು ಒದ್ದೆ ರಸ್ತೆಯಲ್ಲಿ ಜಾರಿ ಟೋಲಿಗೆ ಅಪ್ಪಳಿಸಿ ನಾಲ್ವರು ತೀರಿಕೊಂಡರು. ಆ ವಿಡಿಯೊ ನೋಡದವರು ನಮ್ಮಲ್ಲಿ ಕಡಿಮೆ. ಚಾಲಕ ವೇಗ ತಗ್ಗಿಸುತ್ತಾನೆ. ಅವಸರವಿಲ್ಲ, ನಾಳ ಹೊನ್ನಾವರದಲ್ಲೇ ತೆರೆದಿದೆ.

ಸ್ಟೆಂಟ್ ಬೀಳುತ್ತದೆ. ನೀವು ಮನೆಗೆ ಬರುತ್ತೀರಿ.

ತಿಂಗಳಾದ ಮೇಲೆ ಔಷಧದಂಗಡಿಯ ಮುಂದೆ ನಿಂತಿದ್ದೀರಿ. ಚೀಟಿಯಲ್ಲಿ ಐದು ಹೆಸರು. ಕ್ಲೊಪಿಡೊಗ್ರೆಲ್ ಅನ್ನು ಆಸ್ಪಿರಿನ್ ಜೊತೆ ಕೊಡಬೇಕೆಂದು 12,562 ರೋಗಿಗಳಲ್ಲಿ, ರಾಮಿಪ್ರಿಲ್ ಹೃದಯ ಕಾಯುತ್ತದೆಂದು 9,297 ಮಂದಿಯಲ್ಲಿ ತೋರಿಸಿದ ಪ್ರಯೋಗಗಳಲ್ಲೂ ಯೂಸುಫ್ ಮುಂದಾಳು, ಆ ಹೊತ್ತಿಗೆ ಅವರಿದ್ದದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ. ಆದರೆ ಹಳ್ಳಿ ಹಳ್ಳಿ ತಿರುಗಿದ ಅವರದೇ ಇನ್ನೊಂದು ಅಧ್ಯಯನ 2011ರಲ್ಲಿ ಕಂಡದ್ದೇನೆಂದರೆ, ಬಡ ದೇಶಗಳಲ್ಲಿ ಹೃದ್ರೋಗವೋ ಪಾರ್ಶ್ವವಾಯುವೋ ಆಗಿ ಬದುಕಿದ ಐವರಲ್ಲಿ ನಾಲ್ವರು ಇಂಥ ಮದ್ದುಗಳಲ್ಲಿ ಒಂದನ್ನೂ ತಿನ್ನುತ್ತಿರಲಿಲ್ಲ. ಇಂಥ ಕೊರತೆ ನೀಗಲೆಂದೇ ಹಲವು ಮದ್ದುಗಳನ್ನು ಒಂದೇ ಗುಳಿಗೆಯಲ್ಲಿ ತುಂಬುವ ಯತ್ನ. ಸೇಂಟ್ ಜಾನ್ಸ್‌ನ ಜೊತೆ ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಪರೀಕ್ಷಿಸಿದ ಆ ಪಾಲಿಪಿಲ್ ಬಗೆಯ ಗುಳಿಗೆಗಳು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿದವು.

ಎದೆ ಹಗುರಾಗಿದೆ. ನೋವಿಲ್ಲ. ನೋವಿಲ್ಲದ ಮೇಲೆ ಗುಳಿಗೆ ಯಾಕೆ ಎಂದು ನಿನ್ನೆಯಿಂದ ಮನಸ್ಸು ಕೇಳುತ್ತಿದೆ. ದೋಣಿ ಕಡಲಿಗಿಳಿದಿವೆ, ದುಡ್ಡಿಗೆ ಬೇರೆ ದಾರಿಗಳೂ ಇವೆ.

"ವಾರಕ್ಕೆ ಕೊಡ್ಲಾ, ತಿಂಗಳಿಗಾ?" ಅಂಗಡಿಯ ಹುಡುಗ ಕೇಳುತ್ತಾನೆ.

"ತಿಂಗಳಿಗೇ ಕೊಡು. ಇಕೋಸ್ಪ್ರಿನ್ ಒಂದು ಪಟ್ಟಿ ಜಾಸ್ತಿ ಹಾಕು, ಕಿಸೆಲಿ ಇಟ್ಕೊಳ್ಳೋಕೆ."