ಇಟ್ಟಿಗೆಯ ಬರ್ಕ್ಲಿ, ಬಿಂಬದ ಬರ್ಕ್ಲಿ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಮೇಲೆ ಬರ್ಕ್ಲಿ ಎಂಬ ಊರಿದೆ. ಒಂದು ಕಡೆ ಕೊಲ್ಲಿಯ ನೀರು, ಇನ್ನೊಂದು ಕಡೆ ಗುಡ್ಡಗಳ ಸಾಲು. ಗುಡ್ಡ ಇಳಿದು ಊರು ಆರಂಭವಾಗುವ ಜಾಗದಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಳೆಯ ಆವರಣ. 1868ರಲ್ಲಿ ಸ್ಥಾಪನೆಯಾದ ಈ ವಿದ್ಯಾಪೀಠಕ್ಕೆ ಬರುವವರು ಡೌನ್‌ಟೌನ್ ಬರ್ಕ್ಲಿ ರೈಲು ನಿಲ್ದಾಣದಲ್ಲಿ ಇಳಿದು ಗುಡ್ಡದ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು.

ಮೊದಲು ಕಣ್ಣಿಗೆ ಬೀಳುವುದು ಸೇದರ್ ಗಡಿಯಾರ ಗೋಪುರ. ವೆನಿಸ್ ನಗರದ ಸೇಂಟ್ ಮಾರ್ಕ್ ಗಂಟೆಗೋಪುರದ ಮಾದರಿಯಲ್ಲಿ ಕಟ್ಟಿದ ಇದರ ಎತ್ತರ 307 ಅಡಿ. ತುದಿಯಲ್ಲಿ 61 ಗಂಟೆಗಳಿವೆ. ನಡುವಣ ಅಂತಸ್ತುಗಳಲ್ಲಿ, ಯಾರೂ ಊಹಿಸದ ಹಾಗೆ, ಪ್ರಾಚೀನ ಪ್ರಾಣಿಗಳ ಪಳೆಯುಳಿಕೆಗಳನ್ನು ಜೋಡಿಸಿಟ್ಟಿದ್ದಾರೆ! ಲಿಫ್ಟ್ ಹತ್ತಿ ಮೇಲೆ ಹೋದರೆ, ಮಂಜಿಲ್ಲದ ದಿನ ಕೊಲ್ಲಿಯೂ ಅದರಾಚೆಯ ಗೋಲ್ಡನ್ ಗೇಟ್ ಸೇತುವೆಯೂ ಕಾಣುತ್ತವೆ.

ಗೋಪುರದ ಪೂರ್ವಕ್ಕೆ, ಕಣಿವೆಯ ಬಾಯಲ್ಲಿ, 1923ರ ಮೆಮೋರಿಯಲ್ ಕ್ರೀಡಾಂಗಣ. ಇದರ ವಿಶೇಷವೆಂದರೆ ಹೇವರ್ಡ್ ಎಂಬ ಭೂಕಂಪದ ಬಿರುಕು ಸರಿಯಾಗಿ ಇದರ ಅಡಿಯಲ್ಲೇ ಹಾದುಹೋಗಿರುವುದು. ಬಿರುಕಿನ ಎರಡು ಪಕ್ಕಗಳು ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಒಂದನ್ನೊಂದು ಉಜ್ಜಿಕೊಂಡು ಸರಿಯುತ್ತಲೇ ಇರುತ್ತವೆ. ಹೀಗೆ ಕದಲುವ ನೆಲದ ಮೇಲೆ ಸಾವಿರಾರು ಜನ ಕೂರುವ ಕಟ್ಟಡ ನಿಂತಿದೆ.

ತೆರೆಯೊಳಗೆ ಎದ್ದ ಊರು

2020ರ ವಸಂತದಲ್ಲಿ ಕೊರೊನಾ ಸೋಂಕು ಹರಡಿ ಆವರಣ ಬಿಕೋ ಎಂದಿತು. ವಿದ್ಯಾರ್ಥಿಗಳು ಊರುಗಳಿಗೆ ಮರಳಿದರು. ಮೇ ತಿಂಗಳಲ್ಲಿ ಆಗಬೇಕಿದ್ದ ಘಟಿಕೋತ್ಸವ ಮುಂದಕ್ಕೆ ಹೋಯಿತು. ಆಗ ಕೆಲವು ವಿದ್ಯಾರ್ಥಿಗಳು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ ತಮ್ಮ ವಿದ್ಯಾಪೀಠವನ್ನೇ ಕಟ್ಟತೊಡಗಿದರು. ಆ ಲೋಕದಲ್ಲಿ ಎಲ್ಲವೂ ಒಂದು ಮೀಟರ್ ಅಳತೆಯ ಚೌಕಟ್ಟಿನ ಇಟ್ಟಿಗೆಗಳಿಂದಲೇ ಆಗಬೇಕು. ನೂರಾರು ಮಂದಿ ತಂತಮ್ಮ ಮನೆಗಳಿಂದಲೇ ಕೈಜೋಡಿಸಿದರು. ನೂರಕ್ಕೂ ಹೆಚ್ಚು ಕಟ್ಟಡಗಳು ಎದ್ದವು. ಗಡಿಯಾರ ಗೋಪುರ, ಗ್ರಂಥಾಲಯ, ಕ್ರೀಡಾಂಗಣ ಯಾವುದೂ ತಪ್ಪಲಿಲ್ಲ. ಊರಿಗೆ ಅವರು ಇಟ್ಟ ಹೆಸರು ಬ್ಲಾಕ್‌ಲಿ.

2020ರ ಮೇ 16ರಂದು ಅಲ್ಲಿ ಘಟಿಕೋತ್ಸವ ನಡೆಯಿತು. ನಿಲುವಂಗಿ ತೊಟ್ಟ ಚೌಕಟ್ಟು ಮೂತಿಯ ಅವತಾರಗಳು ಸಾಲುಗಟ್ಟಿದವು. ಅಂದಿನ ಚಾನ್ಸಲರ್ ಕ್ಯಾರೊಲ್ ಕ್ರಿಸ್ಟ್ ಅವರ ಅವತಾರವೂ ವೇದಿಕೆಗೆ ಬಂದು ಮಾತನಾಡಿತು. ಆಟ ಆಡಲು ಬಾರದ ತಂದೆತಾಯಂದಿರು ಟ್ವಿಚ್ ಎಂಬ ತಾಣದಲ್ಲಿ ನೇರಪ್ರಸಾರ ನೋಡಬಹುದಿತ್ತು.

ಇದನ್ನು ಹುಡುಗಾಟ ಎನ್ನಬಹುದು. ಆದರೆ ವರ್ಷಗಟ್ಟಲೆ ಓದಿದವನ ಪಾಲಿಗೆ, ಸಾಲ ಮಾಡಿ ಓದಿಸಿದವರ ಪಾಲಿಗೆ, ಪದವಿಯ ದಿನ ಮತ್ತೆ ಬರುವುದಿಲ್ಲ. ಇಂಥ ಸಮಾರಂಭದಲ್ಲಿ ಮಗಳ ಸರದಿ ಬರುವುದು ಕೆಲವೇ ಕ್ಷಣ. ಸರಿಯಾಗಿ ಆ ಕ್ಷಣಕ್ಕೇ ಚಿತ್ರ ನಿಂತುಹೋದರೆ? ಬಿಂಬದ ಊರಿನ ದೊಡ್ಡ ಆತಂಕ ಅದೇ.

ಚಿತ್ರ ನಿಲ್ಲುವುದೇಕೆ?

ಇಂಥ ಸಮಾರಂಭ ಮನೆ ತಲುಪಲು ಎರಡು ದಾರಿಗಳಿವೆ. ಮೊದಲನೆಯದು ಆಟದ ದಾರಿ. ಅದರಲ್ಲಿ ಚಿತ್ರ ಬರುವುದೇ ಇಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಕದಲಿದರು ಎಂಬ ಸುದ್ದಿ ಮಾತ್ರ ಬರುತ್ತದೆ. ಅದನ್ನು ನೋಡಿಕೊಂಡು ಮನೆಯ ಕಂಪ್ಯೂಟರೇ ಚಿತ್ರ ಬಿಡಿಸಿಕೊಳ್ಳುತ್ತದೆ. ಮೈನ್‌ಕ್ರಾಫ್ಟಿನ ಸರ್ವರ್ ಸೆಕೆಂಡಿಗೆ 20 ಸಲ ಲೋಕದ ಲೆಕ್ಕ ಹಾಕುತ್ತದೆ. ಹತ್ತು ಮಂದಿ ಒಂದೆಡೆ ಸೇರಿದರೆ ಪ್ರತಿಯೊಬ್ಬರ ಸುದ್ದಿ ಉಳಿದ ಒಂಬತ್ತು ಮಂದಿಗೆ ಹೋಗಬೇಕು. ಒಟ್ಟು 90 ಸಂದೇಶ. ನೂರು ಮಂದಿ ಸೇರಿದರೆ 9,900! ಜನ ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟನ್ನೂ ಮೀರುತ್ತದೆ. ಖಾಲಿ ಬೀದಿಯಲ್ಲಿ ಸರಾಗವಾಗಿ ನಡೆದ ಅವತಾರ ಸಭೆಯಲ್ಲಿ ತಡವರಿಸುವುದು ಇದಕ್ಕೇ.

ಎರಡನೆಯದು ನೇರಪ್ರಸಾರದ ದಾರಿ. ಒಬ್ಬ ಆಟಗಾರ ಕ್ಯಾಮೆರಾದವನಂತೆ ಸಭೆಯಲ್ಲಿ ಓಡಾಡುತ್ತಾನೆ. ಅವನ ತೆರೆಯ ಮೇಲೆ ಕಂಡದ್ದೇ ವಿಡಿಯೊ ಆಗಿ ಪ್ರಸಾರ ತಾಣಕ್ಕೆ ಹೋಗಿ, ಅಲ್ಲಿಂದ ಮನೆಮನೆಗೆ ಹಂಚಿಕೆಯಾಗುತ್ತದೆ. ನೋಡುವವರು ಎಷ್ಟೇ ಇದ್ದರೂ ಆಟದ ಸರ್ವರಿಗೆ ಭಾರವಿಲ್ಲ. ಆದರೆ ಕ್ಯಾಮೆರಾದವನ ಮನೆಯ ಕರೆಂಟು ಹೋದರೆ ಎಲ್ಲರ ತೆರೆಯೂ ಕಪ್ಪು!

ದಾರಿಯ ಏರಿಳಿತ ತಡೆಯಲು ಮನೆಯ ಕಂಪ್ಯೂಟರು ಕೆಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಇದು ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ. ಬೀದಿಯ ಪೈಪಿನಲ್ಲಿ ನೀರು ನಿಂತುನಿಂತು ಬಂದರೂ ಅಡುಗೆಮನೆಯ ನಲ್ಲಿ ಹರಿಯುತ್ತಲೇ ಇರುತ್ತದೆ. ಟ್ಯಾಂಕು ಪೂರ್ತಿ ಬರಿದಾದಾಗ ಮಾತ್ರ ತೆರೆಯ ಮೇಲೆ ಆ ಚಕ್ರ ಸುತ್ತತೊಡಗುತ್ತದೆ. ಹೀಗೆ ತುಂಬಿಟ್ಟುಕೊಳ್ಳುವುದರಿಂದಲೇ, ಆಟದೊಳಗಿನ ಮಗಳು ವೇದಿಕೆ ಇಳಿದ ಮೇಲೆ ಹೊರಗೆ ನೋಡುವ ಅಮ್ಮನಿಗೆ ಅವಳು ಮೆಟ್ಟಿಲು ಹತ್ತುವುದು ಕಾಣುತ್ತದೆ.

ನಾನೂರು ಗಜದ ಪಾಠ

ವಿಚಿತ್ರವೆಂದರೆ, ಜಾಲದ ಮೇಲಿನ ಈ ನೂಕುನುಗ್ಗಲಿಗೆ ಮದ್ದು ಹುಡುಕಿದವರಿದ್ದದ್ದೂ ಇದೇ ಊರಿನಲ್ಲಿ. ಆವರಣದ ಮೇಲಿನ ಗುಡ್ಡದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವಿದೆ. ಅಲ್ಲಿಗೂ ಕೆಳಗಿನ ವಿಶ್ವವಿದ್ಯಾಲಯಕ್ಕೂ ಜಾಲದ ಸಂಪರ್ಕವಿತ್ತು. ನಡುವಿನ ದೂರ ಸುಮಾರು 400 ಗಜ. 1986ರ ಅಕ್ಟೋಬರಿನಲ್ಲಿ ಇದ್ದಕ್ಕಿದ್ದಂತೆ ಇದರ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಅಂದರೆ 800ರಲ್ಲಿ ಒಂದು ಪಾಲು! ಚೀಟಿ ಬರೆದು ಕಾಲ್ನಡಿಗೆಯಲ್ಲಿ ಒಯ್ದಿದ್ದರೆ ಇದಕ್ಕಿಂತ ಬೇಗ ತಲುಪುತ್ತಿತ್ತೇನೋ.

ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದ ಮೈಕೆಲ್ ಕೆರೆಲ್ಸ್ ಇದರ ಬೆನ್ನುಹತ್ತಿದರು. ಕಳಿಸಿದ ಮಾಹಿತಿಗೆ ಉತ್ತರ ಬರದಿದ್ದರೆ ಕಂಪ್ಯೂಟರುಗಳು ಅದನ್ನೇ ಮತ್ತೆಮತ್ತೆ ಕಳಿಸುತ್ತಿದ್ದವು. ಅದರಿಂದ ಒತ್ತಡ ಇನ್ನಷ್ಟು ಏರುತ್ತಿತ್ತು. ಜಾತ್ರೆಯ ದಿನ ಕಿರಿದಾದ ಸೇತುವೆಗೆ ಎಲ್ಲರೂ ಒಮ್ಮೆಲೇ ನುಗ್ಗಿದಂತೆ. 1988ರಲ್ಲಿ ಪ್ರಕಟವಾದ ಅವರ ಪರಿಹಾರ ಹಳ್ಳಿಯ ಹಿರಿಯರ ಬುದ್ಧಿಮಾತಿನಂತಿತ್ತು: ನಿಧಾನವಾಗಿ ಆರಂಭಿಸು, ದಾರಿ ತೆರವಿದ್ದರೆ ವೇಗ ಹೆಚ್ಚಿಸು, ಅಡ್ಡಿ ಕಂಡೊಡನೆ ಹಿಂದೆ ಸರಿ. ಕಾಲಕ್ಕೆ ತಕ್ಕಂತೆ ತಿದ್ದುಪಡಿಯಾಗುತ್ತ ಬಂದ ಈ ನೀತಿ ಇಂದಿಗೂ ಅಂತರ್ಜಾಲವನ್ನು ಕಾಯುತ್ತಿದೆ.

ಉಳಿದವರ ಉಪಾಯಗಳು

ದೊಡ್ಡ ಸಭೆಗಳಿಗೆ ಬೇರೆಬೇರೆ ಉಪಾಯಗಳಿವೆ. 2020ರ ಏಪ್ರಿಲ್‌ನಲ್ಲಿ ಫೋರ್ಟ್‌ನೈಟ್ ಆಟದೊಳಗೆ ಟ್ರಾವಿಸ್ ಸ್ಕಾಟ್ ಎಂಬ ಗಾಯಕನ ಪ್ರದರ್ಶನಕ್ಕೆ ಒಂದೇ ಹೊತ್ತಿಗೆ 1 ಕೋಟಿ 23 ಲಕ್ಷ ಮಂದಿ ಸೇರಿದ್ದರು. ಗುಟ್ಟು ಇಷ್ಟೆ: ಗಾಯಕ ಆ ಕ್ಷಣ ಹಾಡುತ್ತಿರಲಿಲ್ಲ, ಎಲ್ಲ ಮೊದಲೇ ಸಿದ್ಧವಾಗಿತ್ತು. ಜನರೂ ಒಂದೇ ಬಯಲಿನಲ್ಲಿರಲಿಲ್ಲ. ಅದೇ ಬಯಲಿನ ಅಸಂಖ್ಯ ಪ್ರತಿಗಳಲ್ಲಿ ಸಣ್ಣ ಗುಂಪುಗಳಾಗಿ ಹಂಚಿಹೋಗಿದ್ದರು. ಅದೇ ವರ್ಷದ ಆಗಸ್ಟ್ 23ರಂದು ಮುಂಬಯಿಯ ಐಐಟಿ ನಡೆಸಿದ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಅವತಾರಗಳು ನಿರ್ದೇಶಕರ ಅವತಾರದಿಂದ ಪದವಿ ಪಡೆದವು. ಅಂತರ್ಜಾಲದ ಜೊತೆಗೆ ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲೂ ಅದು ಬಿತ್ತರವಾಯಿತು. ಒಂದು ದಾರಿ ಕಟ್ಟಿದರೆ ಇನ್ನೊಂದು ತೆರೆದಿರುತ್ತದೆ.

ಶಾಲೆ ಕಾಲೇಜುಗಳ ಸಣ್ಣ ಸಮಾರಂಭಕ್ಕೂ ಇದೇ ಸೂತ್ರ ಸಾಕು. ಎರಡನೆಯ ಕ್ಯಾಮೆರಾ ಬೇರೊಂದು ಮನೆಯಲ್ಲಿ, ಬೇರೊಂದು ಸಂಪರ್ಕದ ಮೇಲೆ ಇರಲಿ. ಕರೆಂಟು ಕೈಕೊಟ್ಟರೆ ಯುಪಿಎಸ್ ಇರಲಿ. ಮುಖ್ಯ ಭಾಷಣದ ಮುದ್ರಣ ಕೈಯಲ್ಲಿರಲಿ. ಮುನ್ನಾದಿನದ ತಾಲೀಮು ಮೂವರಿಂದಲ್ಲ, ತುಂಬಿದ ಸಭೆಯೊಂದಿಗೆ ಆಗಲಿ. ಇಡೀ ಸಮಾರಂಭದ ಮುದ್ರಣವೂ ಉಳಿದರೆ, ತಪ್ಪಿಹೋದ ಕ್ಷಣ ಮರುದಿನವಾದರೂ ಮನೆಗೆ ಸಿಕ್ಕೀತು.

ಬರ್ಕ್ಲಿಯ ಇಟ್ಟಿಗೆ-ಗಾರೆಯ ಕ್ರೀಡಾಂಗಣ ಹೇಳುವುದೂ ಇದನ್ನೇ. 2012ರಲ್ಲಿ ಮುಗಿದ ಪುನರ್ನಿರ್ಮಾಣದಲ್ಲಿ ಎಂಜಿನಿಯರರು ಬಿರುಕಿನ ಮೇಲೆ ಬರುವ ಭಾಗಗಳನ್ನು ಉಳಿದ ಕಟ್ಟಡದಿಂದ ಬೇರ್ಪಡಿಸಿದರು. ನೆಲ ಸರಿದಾಗ ಅವು ತಮ್ಮಷ್ಟಕ್ಕೆ ಸರಿಯಬಲ್ಲವು. ಪಕ್ಕದ ಭಾಗಗಳನ್ನು ಎಳೆದು ಬೀಳಿಸುವುದಿಲ್ಲ. ಭೂಕಂಪ ಬಾರದೆಂದು ಯಾರೂ ನಂಬಿ ಕೂತಿಲ್ಲ. ಬಂದೇ ಬರುತ್ತದೆಂದು ಎಣಿಸಿಯೇ ಕಟ್ಟಿದ್ದಾರೆ.