ಒಬ್ಬನ ಕತಿ ಎಷ್ಟು ಮಂದಿ ಕತಿ?

ಹರದೇಶಿ-ನಾಗೇಶಿ ಹಾಡಿಕಿ ನಮ್ಮ ಕಡೆ ಎಲ್ಲಾರೂ ಕೇಳಿದ್ದೀರಿ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡತಾರ. ಇವರು ಪುರಾಣದೊಳಗಿನ ಒಬ್ಬ ಗಂಡಸಿನ ಕತಿ ತಂದು ಇಟ್ಟರೆ, ಅವರು ಒಬ್ಬ ಹೆಣ್ಣುಮಗಳ ಕತಿ ತಂದು ಅದನ್ನ ಹೊಡೀತಾರ. ಬೆಳತನಕ ಸವಾಲು ಜವಾಬು ನಡೀತದ. ಬೆಳಗಾದ ಮ್ಯಾಲ ನೋಡಿದರೆ ಯಾರೂ ಗೆದ್ದಿರೂದಿಲ್ಲ, ಯಾರೂ ಸೋತಿರೂದಿಲ್ಲ. ನಾನು ಹರದೇಶಿ ಮ್ಯಾಳದಾಗ ಮೂವತ್ತು ವರ್ಷದ ಮ್ಯಾಲ ದಪ್ಪು ಬಾರಿಸಿ ಹಾಡಿದವನು. ಒಬ್ಬರ ಕತಿ ಹೇಳಿ ‘ಎಲ್ಲಾರೂ ಹಿಂಗ’ ಅನ್ನೂದು ನಮ್ಮ ಕಸಬು. ಹಾಡಿಗೆ ಅದು ಚೆಂದ. ಆದರೆ ಮನುಷ್ಯಾನ ಮನಸ್ಸು ತಿಳಕೊಳ್ಳುವ ಶಾಸ್ತ್ರದೊಳಗೂ ಒಬ್ಬನ ಕತಿ ಹಿಡಿದು ಅಭ್ಯಾಸ ಮಾಡತಾರ ಅಂತ ಗೊತ್ತಾದಾಗ ನನಗ ವಿಚಾರ ಹತ್ತಿತು. ಒಬ್ಬನ ಕತಿ ಪುರಾವೆ ಹೆಂಗ ಆದೀತು?

ಈ ಮಾತು ನನಗ ಗೊತ್ತಾದದ್ದು ನನ್ನ ಮೊಮ್ಮಗಳಿಂದ. ಆಕಿ ಸಾಂಗಲಿ ಕಾಲೇಜಿನಲ್ಲಿ ಮನಶಾಸ್ತ್ರ ಕಲೀತಾಳ. ಪುಸ್ತಕ ಮರಾಠಿದು. ನಾನು ಕನ್ನಡ ಸಾಲಿಯೊಳಗ ಏಳನೇ ಇಯತ್ತೆ ಮುಗಿಸಿದವನು. ರಜೆಗೆ ಬಂದಾಗ ಆಕಿ ಓದಿ ಕನ್ನಡದಾಗ ಬಿಡಿಸಿ ಹೇಳತಾಳ, ನಾ ಕೇಳತೀನಿ. ಕೇಸ್ ಸ್ಟಡಿ ಅಂದ್ರ ಒಬ್ಬ ಮನುಷ್ಯಾನ್ನ ಭಾಳ ದಿನ ಹತ್ತಿರದಿಂದ ನೋಡಿ, ಮಾತಾಡಿಸಿ, ಅವನ ಹಿಂದಿನದನ್ನ ಮನಿಯವರಿಗೆ ಕೇಳಿ, ದವಾಖಾನಿ ಕಾಗದ ತಿರುವಿ ಹಾಕಿ, ಕಂಡದ್ದನ್ನ ಪೂರಾ ಬರೆದಿಡೂದು. ಕನ್ನಡದಾಗ ಇದಕ್ಕ ಪ್ರಕರಣ ಅಧ್ಯಯನ ಅಂತ ಹೆಸರು.

ಇದನ್ನ ಕೇಳುವಾಗ ನನ್ನ ಕಣ್ಣ ಮುಂದ ನಮ್ಮ ಮ್ಯಾಳದ ಹಿರಿಯರು ಬಂದರು. ಅವರಿಗೆ ನಾನು ಕಾಕಾ ಅಂತೀನಿ. ಕೆಲವು ವರ್ಷದ ಹಿಂದ ಒಂದು ಮುಂಜಾನೆ ಅವರಿಗೆ ಲಕ್ವಾ ಹೊಡೀತು. ಬಲಗೈ, ಬಲಗಾಲು ಬಿದ್ದವು. ಜೀವ ಉಳೀತು, ಮಾತು ಹೋತು. ಏನು ಕೇಳಿದರೂ ‘ಹಾಂ’ ಇಲ್ಲಾ ‘ಬಾ’, ಇವೆರಡೇ. ಮಂದಿ ‘ತಲಿ ಕೆಟ್ಟೈತಿ, ಇನ್ನ ಅವಗೇನೂ ತಿಳಿಯೂದಿಲ್ಲ’ ಅಂದರು. ಭಾವಕಿಯವರು ಹೊಲದ ಕಾಗದದ ಮಾತು ತೆಗೆದರು. ತಿಳಿಯದವನಿಗೆ ಏನು ಕೇಳೂದೈತಿ ಅಂತ ಅವರ ಲೆಕ್ಕ.

ಒಂದು ಅಮಾಸಿ ಭಜನಿಯೊಳಗ ಅವರದೇ ಹಳೇ ಹಾಡು ಎತ್ತಿದೆವು. ಮೂಲ್ಯಾಗ ಕುಂತಿದ್ದ ಕಾಕಾ ಎರಡನೇ ನುಡಿಗೆ ಬಾಯಿ ತೆರೆದರು. ಶಬ್ದಕ್ಕ ಶಬ್ದ, ತಾಳಕ್ಕ ತಾಳ, ಪೂರಾ ಹಾಡಿದರು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಾಡು ಮುಗಿದ ಮ್ಯಾಲ ‘ಕಾಕಾ, ನೀರು ಬೇಕೇನ್ರಿ?’ ಅಂತ ಕೇಳಿದೆ. ‘ಬಾ’ ಅಂದರು, ಅಷ್ಟೇ. ಕೆಲವರು ದೇವರ ಪವಾಡ ಅಂದರು. ಕೆಲವರು ‘ಇಷ್ಟು ದಿನ ಸೋಗು ಹಾಕಿದ್ದ’ ಅಂದರು.

ಇದನ್ನ ಮೊಮ್ಮಗಳಿಗೆ ಹೇಳಿದೆ. ಆಕಿ ‘ಮುತ್ಯಾ, ಪವಾಡನೂ ಅಲ್ಲ, ಸೋಗೂ ಅಲ್ಲ. ಇಂಥಾವರನ್ನ ನೋಡಿ ಬರೆದಿಟ್ಟಾರ’ ಅಂತ ಪ್ಯಾರಿಸ್ ಹತ್ತಿರದ ಬಿಸೆತ್ರ್ ದವಾಖಾನಿಯ ಒಬ್ಬನ ಕತಿ ತೆಗೆದಳು.

ಅವನ ಹೆಸರು ಲೆಬೋರ್ನ್. ಚಪ್ಪಲಿ ಹೊಲಿಯುವವರಿಗೆ ಬೇಕಾಗುವ ಕಟ್ಟಿಗೆಯ ಅಚ್ಚು ಮಾಡುವವನು. ಸಣ್ಣಂದಿನಿಂದ ಮೂರ್ಛೆ ರೋಗ. ಮೂವತ್ತರ ಸುಮಾರಿಗೆ ಮಾತು ಹೋತು. ಏನು ಕೇಳಿದರೂ ‘ತಾನ್, ತಾನ್’ ಅಂತಿದ್ದ. ಅದಕ್ಕ ದವಾಖಾನಿಯವರು ಅವನಿಗೆ ತಾನ್ ಅಂತ ಹೆಸರಿಟ್ಟರು. ಭಾಳ ಸಿಟ್ಟು ಬಂದಾಗ ಮಾತ್ರ ದೇವರ ಹೆಸರು ಹಿಡಿದು ಒಂದು ಬೈಗುಳ ಸ್ಪಷ್ಟ ಬರತಿತ್ತು! 21 ವರ್ಷ ಅಲ್ಲೇ ಇದ್ದ. ಬರಬರುತ್ತ ಬಲಗೈ, ಆಮ್ಯಾಲ ಬಲಗಾಲು ಸೋತವು. 1861ರ ಏಪ್ರಿಲ್‌ನಲ್ಲಿ ಕಾಲು ಕೆಟ್ಟು ಪಾಲ್ ಬ್ರೋಕಾ ಅನ್ನುವ ಡಾಕ್ಟರರ ಕೈಗೆ ಬಂದ. ಬ್ರೋಕಾ ಅವನನ್ನ ಹುಚ್ಚ ಅಂತ ಬಿಡಲಿಲ್ಲ. ‘ಇಲ್ಲಿ ಎಷ್ಟು ವರ್ಷ ಆತು?’ ಅಂತ ಕೇಳಿದರು. ಅವನು ಎಡಗೈ ಬೆರಳು ತೆರೆದು ಮುಚ್ಚಿ ಸರಿಯಾಗಿ ಎಣಿಸಿ ತೋರಿಸಿದ. ಗಡಿಯಾರ ನೋಡಿ ಹೊತ್ತು ಹೇಳಿದ. ತಿಳುವಳಿಕೆ ಇತ್ತು, ಮಾತು ಮಾತ್ರ ಇರಲಿಲ್ಲ.

ಏಪ್ರಿಲ್ 17ಕ್ಕೆ ಅವನು ತೀರಿಕೊಂಡ. ಬ್ರೋಕಾ ಮೆದುಳು ತೆಗೆದು ನೋಡಿದರೆ ಎಡಗಡೆ ಮುಂಭಾಗದಾಗ ಕೋಳಿ ತತ್ತಿ ಹಿಡಿಯುವಷ್ಟು ತೆಗ್ಗು. ಅದೇ ವರ್ಷ ಐದೇ ಶಬ್ದ ಉಳಿದ ಇನ್ನೊಬ್ಬ ಮುದುಕ ಬಂದ. ಅವನ ಮೆದುಳಿನಾಗೂ ಅದೇ ಜಾಗ ಕೆಟ್ಟಿತ್ತು. 1863ರ ಹೊತ್ತಿಗೆ ಎಂಟು ಮಂದಿ ಲೆಕ್ಕ ಸಿಕ್ಕಿತು, ಎಂಟೂ ಎಡಗಡೆನೇ. ಆದರೂ ಬ್ರೋಕಾ ಅವಸರ ಮಾಡಲಿಲ್ಲ. ಮಾತಿನ ಹಿಡಿತ ಎಡಗಡೆ ಮೆದುಳಿನಾಗ ಐತಿ ಅಂತ ಗಟ್ಟಿಯಾಗಿ ಹೇಳಿದ್ದು 1865ರಲ್ಲಿ.

ಇಲ್ಲಿ ನನಗ ಉತ್ತರ ಸಿಕ್ಕಿತು. ಒಬ್ಬ ತಾನ್ ಪುರಾವೆ ಆಗಲಿಲ್ಲ, ಪ್ರಶ್ನೆ ಆದ. ಆ ಪ್ರಶ್ನೆ ಹಿಡಿದು ಮುಂದಿನವರನ್ನ ಹುಡುಕಿದರು. ಅಷ್ಟೇ ಅಲ್ಲ, ಅವನ ಮೆದುಳನ್ನ ಬ್ರೋಕಾ ತುಂಡು ಮಾಡದೆ ಹಂಗೇ ಕೆಡದಂಗ ಇಟ್ಟಿದ್ದರು. 2007ರಲ್ಲಿ ಬೇರೆಯವರು ಅದನ್ನ ಮಷೀನಿನಾಗ ಇಟ್ಟು ಒಳಗಿನ ಚಿತ್ರ ತೆಗೆದರು. ಪೆಟ್ಟು ಬ್ರೋಕಾ ಕಂಡದ್ದಕ್ಕಿಂತ ಆಳಕ್ಕ ಹೋಗೈತಿ ಅಂತ ತಿಳೀತು. ಹಿಂದಿನವರು ಸಾಕ್ಷಿ ಇಟ್ಟರೆ ಮುಂದಿನವರು ತಿದ್ದತಾರ.

ಒಂದು ಅಗಳು ಹಿಚುಕಿದರೆ ಅನ್ನ ಬೆಂದದ್ದು ತಿಳೀತದ ಅಂತೀವಿ. ಖರೇ. ಆದರೆ ಅಗಳೆಲ್ಲಾ ಒಂದೇ ಗಡಗಿಯೊಳಗ, ಒಂದೇ ಉರಿಗೆ ಬೆಂದಿರತಾವ. ಮನುಷ್ಯಾರು ಹಂಗ ಬೆಂದವರಲ್ಲ. ಕಾಕಾ ಹಾಡಿದರು ಅಂತ ಲಕ್ವಾ ಹೊಡೆದವರೆಲ್ಲಾ ಹಾಡತಾರ ಅನ್ನಾಕ ಬರೂದಿಲ್ಲ. ಆದರೆ ‘ಮಾತು ಹೋದವರಿಗೆಲ್ಲಾ ಬುದ್ಧಿ ಹೋಗಿರತದ’ ಅನ್ನುವ ಮಾತೈತಲ್ಲ, ಅದನ್ನ ಮುರಿಯಾಕ ಕಾಕಾ ಒಬ್ಬರೇ ಸಾಕು. ಒಬ್ಬನ ಕತಿಯಿಂದ ‘ಎಲ್ಲಾರೂ’ ಅನ್ನೂದನ್ನ ಕಟ್ಟಾಕ ಆಗೂದಿಲ್ಲ, ಕೆಡವಾಕ ಆಗತದ.

ಹಿರಿಯರು ಕೂಡಿದ ದಿನ ನಾನೂ ಬ್ರೋಕಾನಂಗ ಕೇಳಿದೆ. ‘ಕಾಕಾ, ಮಡ್ಡಿ ಹೊಲ ಎಷ್ಟು ಎಕರೆ?’ ಎಡಗೈಲಿ ನಾಲ್ಕು ಬೆರಳು ಎತ್ತಿದರು. ‘ಬಾವಿಯೊಳಗ ನಿಮ್ಮ ಪಾಲು?’ ಅರ್ಧ ಬೆರಳು ಹಿಡಿದು ತೋರಿಸಿದರು. ‘ಹೊಲ ಕೊಡತೀರೇನು?’ ಕೈ ಅಡ್ಡ ಆಡಿಸಿದರು. ಕೂಡಿದವರು ಮತ್ತ ಆ ಕಾಗದದ ಮಾತು ಎತ್ತಲಿಲ್ಲ.

ಆಮ್ಯಾಲ ಮೊಮ್ಮಗಳು ಒಂದು ನೋಟಬುಕ್ ಹಾಕಿ ಕೊಟ್ಟಳು. ಯಾವ ದಿನ, ಯಾವ ಹಾಡು, ಎಷ್ಟು ನುಡಿ, ಯಾರು ಮೊದಲು ಎತ್ತಿದರು ಅಂತ ಬರೀತಾ ಹೋದೆ. ಹಳೇ ಹಾಡು ಬರತಾವ, ಹೊಸದಾಗಿ ಕಲಿಸಿದ್ದು ಬರೂದಿಲ್ಲ. ಕೆಲವು ದಿನ ಹಳೇದೂ ಬರೂದಿಲ್ಲ. ಅದನ್ನೂ ಬರಿಬೇಕು ಅಂದಳು. ನಮಗ ಬೇಕಾದ ದಿನದ್ದಷ್ಟೇ ಬರೆದರೆ ಅದು ಹಾಡಿಕಿ ಆಗತದ, ಅಭ್ಯಾಸ ಆಗೂದಿಲ್ಲ. 1973ರಲ್ಲಿ ಅಮೆರಿಕಾದ ಬಾಸ್ಟನ್‌ನವರು ಇಂಥಾ ರೋಗಿಗಳಿಗೆ ಧಾಟಿ ಹಚ್ಚಿ ಮಾತು ಕಲಿಸುವ ಪದ್ಧತಿ ಪ್ರಕಟ ಮಾಡಿದರಂತ. ‘ನೀರ ಕೊಡು’ ಅನ್ನೂದನ್ನ ರಾಗ ಎಳೆದು, ಎಡಗೈಲಿ ತಾಳ ಹಾಕಿಸಿ ಕಾಕಾಗೂ ಹೇಳಿಸಿದೆವು. ತಿಂಗಳುಗಟ್ಟಲೆ ಹಿಡೀತು, ನಾಲ್ಕಾರು ಮಾತು ಬಂದವು. ಎಲ್ಲಾರಿಗೂ ಬಂದೀತು ಅಂತ ನಾ ಹೇಳೂದಿಲ್ಲ.

ಹಾಡುಗಾರನಾಗಿ ಇನ್ನೊಂದು ಮಾತು ಹೇಳಬೇಕು. ಕತಿ ಬಾಯಿಂದ ಬಾಯಿಗೆ ಹೋದಂಗ ಬೆಳೀತದ. ಅಮೆರಿಕಾದೊಳಗ ಫಿನಿಯಸ್ ಗೇಜ್ ಅಂತ ರೈಲು ದಾರಿ ಕೆಲಸದ ಮುಕಾದಮ ಇದ್ದ. ನಾವು ಬಾವಿ ತೋಡುವಾಗ ಸುರಂಗ ಹಾರಿಸತೀವಲ್ಲ, ಹಂಗ ಬಂಡೆಯೊಳಗ ಮದ್ದು ಜಡಿಯುವಾಗ 1848ರ ಸೆಪ್ಟೆಂಬರ್ 13ಕ್ಕೆ ಮದ್ದು ಹಾರಿತು. ಮೂರೂವರೆ ಅಡಿ ಉದ್ದ, ಆರು ಕಿಲೋ ತೂಕದ ಕಬ್ಬಿಣದ ಹಾರಿ ಎಡಗಲ್ಲದಾಗ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಮನುಷ್ಯಾ ಉಳಿದ! ಅವನ ಸ್ವಭಾವ ಬದಲಾತು ಅಂತ ಡಾಕ್ಟರ್ ಹಾರ್ಲೋ ಬರೆದರು. ಆಮ್ಯಾಲ ಬಂದವರು ಅವನನ್ನ ಕುಡುಕ, ಕೆಲಸಗೇಡಿ ಅಂತ ಉಪ್ಪು ಖಾರ ಹಚ್ಚಿದರು. ಖರೇ ನೋಡಿದರೆ ಅವನು ಚಿಲಿ ದೇಶಕ್ಕ ಹೋಗಿ ಕುದುರೆ ಗಾಡಿ ಹೊಡೆದು ವರ್ಷಗಟ್ಟಲೆ ದುಡಿದು ತಿಂದ. ನಾವು ಹಾಡಿನೊಳಗ ಬಣ್ಣ ಹಚ್ಚತೀವಿ, ಕೇಳವರಿಗೂ ಅದು ಗೊತ್ತಿರತದ. ಪುಸ್ತಕದವರು ಹಚ್ಚಿದರೆ ಮಂದಿ ಅದನ್ನೇ ನಂಬತಾರ.

ಈ ಮಾತು ನಮ್ಮೂರಿಗೂ ಬೇಕಾಗೈತಿ. ಸುತ್ತಿನ ಹಳ್ಳಿಯ ಒಬ್ಬ ಹುಡುಗಿ ಕಾಲೇಜಿಗೆ ಹೋಗಿ ತನ್ನ ಮನಸಿಗೆ ಬಂದವನ ಕೂಡ ಲಗ್ನ ಆದಳು. ಅದೊಂದೇ ಕತಿ ಹೇಳಿ ಮೂರು ಮನಿ ಹುಡುಗಿಯರ ಕಾಲೇಜು ಬಿಡಿಸಿದರು. ‘ಮೊಮ್ಮಗಳನ್ನ ಮನಿಯಾಗ ಇಟ್ಟುಕೊಳ್ಳರಿ’ ಅಂತ ನಮ್ಮ ಕಟ್ಟೆಗೂ ಬಂದರು. ‘ಆ ವರ್ಷ ಒಟ್ಟು ಎಷ್ಟು ಹುಡುಗಿಯರು ಬಸ್ಸು ಹತ್ತತಿದ್ದರು, ಎಣಿಸೀರೇನು?’ ಅಂತ ಕೇಳಿದೆ. ಎಣಿಸಿದವರು ಯಾರೂ ಇರಲಿಲ್ಲ. ಮೊಮ್ಮಗಳು ಮರುದಿನ ಮುಂಜಾನೆ ಬಸ್ಸಿಗೆ ಹೋದಳು.

ಲೆಬೋರ್ನ್‌ನ ಪೂರಾ ಹೆಸರು, ಊರು ಬೆಳಕಿಗೆ ಬಂದದ್ದು 2013ರಲ್ಲಿ. ಅಲ್ಲಿತನಕ ನೂರೈವತ್ತು ವರ್ಷ ಜಗತ್ತಿಗೆಲ್ಲಾ ಅವನು ಬರೇ ತಾನ್. ಅವನನ್ನ ಕೇಳಿದವರು ಯಾರೂ ಇದ್ದಿರಲಿಕ್ಕಿಲ್ಲ. ಇದನ್ನ ವಾಚನಾಲಯಕ್ಕ ಕೊಡುವ ಮೊದಲು ನಾನು ಕಾಕಾ, ಕಾಕು ಇಬ್ಬರ ಮುಂದ ಓದಿದೆ. ಕಾಕು ಹೆಸರು ಹಾಕಬ್ಯಾಡ ಅಂದರು, ಹಾಕಿಲ್ಲ. ಕಾಕಾ ಎರಡು ಕಡೆ ಕೈ ಎತ್ತಿ ತಡೆದರು, ಅಲ್ಲಿ ತಿದ್ದೀನಿ. ನಿಮ್ಮ ಮನಿಯೊಳಗ ಮಾತು ನಿಂತವರು ಯಾರಾದರೂ ಇದ್ದರೆ, ತಿಳಿಯೂದಿಲ್ಲ ಅಂತ ತೀರ್ಮಾನ ಮಾಡುವ ಮೊದಲು ಅವರ ಹತ್ತಿರ ಕುಂತು, ಬೆರಳಿನಿಂದ ಉತ್ತರ ಕೊಡುವಂಥ ಪ್ರಶ್ನೆ ಕೇಳಿರಿ.