ಊರು ಬಿಡದ ಮೀನು

ಇಂಡೋನೇಷ್ಯಾ ಅಂದ್ರೆ ಎಲ್ರೂ ಬಾಲಿಗೆ ಹೋಗ್ತಾರೆ. ನಾನು ಹೋದದ್ದು ಸುಲವೇಸಿಯ ಪೂರ್ವಕ್ಕಿರುವ ಬಂಗಾಯ್ ದ್ವೀಪಗಳಿಗೆ, ಒಂದು ಪುಟ್ಟ ಮೀನನ್ನು ನೋಡೋಕೆ. ಮಕಾಸ್ಸರ್‌ನಿಂದ ಲುವುಕ್‌ವರೆಗೆ ವಿಮಾನ, ಆಮೇಲೆ ದೋಣಿ.

ಮೀನಿನ ಹೆಸರು ಬಂಗಾಯ್ ಕಾರ್ಡಿನಲ್. ಬಂಗುಡೆ ನೆನಪಾಯ್ತಾ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳ್ಳಿ ಮೈ, ಮೂರು ಕಪ್ಪು ಪಟ್ಟೆ, ಅಲ್ಲಲ್ಲಿ ಬಿಳಿ ಚುಕ್ಕೆ. ಉದ್ದ ಹೆಚ್ಚೆಂದರೆ 8 ಸೆಂ.ಮೀ. ಇದರ ಸಹಜ ನೆಲೆ ಈ ದ್ವೀಪಗಳ ಸುತ್ತಲಿನ ಕಡಲು ಮಾತ್ರ.

ಇದನ್ನು ನೋಡಲು ಆಳಕ್ಕೆ ಇಳಿಯಬೇಕಿಲ್ಲ, ಸ್ನಾರ್ಕೆಲ್ ಸಾಕು. ದಡದ ಹತ್ತಿರವೇ ಕಪ್ಪು ಸೂಜಿಗಳ ಉಂಡೆಯಂಥ ಸೀ ಅರ್ಚಿನ್‌ಗಳ ನಡುವೆ ಒಂದು ಗುಂಪು ತೇಲುತ್ತಿತ್ತು. ನನ್ನ ನೆರಳು ಬಿದ್ದದ್ದೇ ತಡ, ಅಷ್ಟೂ ಮೀನು ಮುಳ್ಳಿನೊಳಗೆ! ಒಂದರ ಗದ್ದ ಮಾತ್ರ ಉಬ್ಬಿತ್ತು. ಅದು ಅಪ್ಪ.

ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲಿ ತುಂಬಿಕೊಳ್ಳುತ್ತೆ. ಮರಿಯಾಗೋಕೆ ಸುಮಾರು 20 ದಿನ ಬೇಕು. ಆಮೇಲೂ ಒಂದು ವಾರ, ಹತ್ತು ದಿನ ಮರಿಗಳು ಬಾಯಲ್ಲೇ ಇರ್ತವೆ. ಅಲ್ಲಿಯವರೆಗೂ ಅಪ್ಪನಿಗೆ ಉಪವಾಸ.

ಹವಳದ ದಿಬ್ಬದ ಬಹುತೇಕ ಮೀನುಗಳ ಮರಿಗಳು ಪ್ರವಾಹದ ಜೊತೆ ತೇಲಿ ದೂರ ಹೋಗುತ್ತವೆ. ಇವು ಹಾಗಲ್ಲ, ಅಪ್ಪನ ಬಾಯಿಂದ ಇಳಿದು ಅದೇ ಓಣಿಯಲ್ಲಿ ಸಂಸಾರ ಹೂಡುತ್ತವೆ. ಹಾಗಾಗಿ ಕೆಲವೇ ಕಿ.ಮೀ. ದೂರದ ಕೊಲ್ಲಿಗಳ ಮೀನುಗಳ ವಂಶವಾಹಿಯೂ ಬೇರೆ ಬೇರೆ. ನಮ್ಮಲ್ಲಿ ಹೊಳೆ ದಾಟಿದರೆ ಮಾತಿನ ಧಾಟಿ ಬದಲಾಗುತ್ತಲ್ಲ, ಹಾಗೆ.

ಕಷ್ಟ ಇರೋದೂ ಇಲ್ಲೇ. ಒಂದು ಕೊಲ್ಲಿ ಬರಿದಾದರೆ ಪಕ್ಕದ ಕೊಲ್ಲಿಯಿಂದ ಯಾರೂ ಬಂದು ತುಂಬುವುದಿಲ್ಲ. 1933ರಲ್ಲೇ ವಿಜ್ಞಾನಿಗಳು ಹೆಸರಿಟ್ಟಿದ್ದರೂ ಈ ಮೀನು ಜಗತ್ತಿನ ಕಣ್ಣಿಗೆ ಬಿದ್ದದ್ದು 1990ರ ದಶಕದಲ್ಲಿ. ಕೂಡಲೇ ಅಕ್ವೇರಿಯಂ ವ್ಯಾಪಾರ ಶುರುವಾಯ್ತು. 2000ದ ದಶಕದ ಆರಂಭದಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಹೆಚ್ಚು ಮೀನು ಹಿಡಿಯುತ್ತಿದ್ದರೆಂಬ ಅಂದಾಜಿದೆ. ಹಿಡಿದವರಿಗೆ ಒಂದು ಮೀನಿಗೆ ಸಿಗುತ್ತಿದ್ದದ್ದು ಕೆಲವೇ ಅಮೆರಿಕನ್ ಸೆಂಟ್. ಸಾಲದ್ದಕ್ಕೆ, ಆಸರೆಯಾದ ಸೀ ಅರ್ಚಿನ್‌ಗಳನ್ನೂ ಜನ ಆಹಾರಕ್ಕಾಗಿ ತೆಗೆಯುತ್ತಾರೆ. 2007ರಲ್ಲಿ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಸಮಾಧಾನದ ಸಂಗತಿಯೂ ಇದೆ. ಈ ಮೀನು ತೊಟ್ಟಿಯಲ್ಲೂ ಮರಿ ಮಾಡುತ್ತೆ. ಆದ್ದರಿಂದ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವ ಆಸೆಯಿದ್ದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ: "ಇದು ತೊಟ್ಟೀಲಿ ಹುಟ್ಟಿದ್ದಾ, ಕಡಲಿಂದ ಹಿಡಿದದ್ದಾ?" ಅವರಿಗೆ ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ.